ಅಂತರ್ಜಾಲದ ರೇಡಾರ್ ನಕ್ಷೆ: ಬಣ್ಣ ಮತ್ತು ಗುರುತುಗಳನ್ನು ಓದುವ ಬಗೆ

ಮಳೆಗಾಲದಲ್ಲಿ ಧರ್ಮಕೇಂದ್ರದಲ್ಲಿ ಮೆರವಣಿಗೆಯೋ ಯಾತ್ರೆಯೋ ನಿಗದಿಯಾದರೆ ಸಾಕು, ಗುರಿಕಾರರ ಹಾಗೂ ಯುವಜನರ ಮೊಬೈಲುಗಳಲ್ಲಿ ಹಸಿರು, ಹಳದಿ, ಕೆಂಪು ಬಣ್ಣಗಳ ಒಂದು ಚಿತ್ರ ಓಡಾಡತೊಡಗುತ್ತದೆ. "ಕೆಂಪು ನಮ್ಮ ಕಡೆಗೇ ಬರುತ್ತಿದೆ" ಎಂದು ಒಬ್ಬರು ಹೇಳಿದರೆ, "ನಮ್ಮ ಊರಿನ ಮೇಲೆ ಏನೂ ಇಲ್ಲ, ಹೊರಡಬಹುದು" ಎಂದು ಇನ್ನೊಬ್ಬರು ಹೇಳುತ್ತಾರೆ. ಚಿತ್ರ ಭಾರತೀಯ ಹವಾಮಾನ ಇಲಾಖೆಯದೇ ಆಗಿದ್ದರೂ ಓದುವ ಕ್ರಮ ತಿಳಿಯದಿದ್ದರೆ ಎರಡು ಮಾತೂ ತಪ್ಪಾಗಬಹುದು. ದೋಣಿ ಇಳಿಸುವವರಿಗೆ, ಮಕ್ಕಳನ್ನು ಬಸ್ಸಿನಲ್ಲಿ ಘಟ್ಟ ಹತ್ತಿಸುವವರಿಗೆ ಇದು ಸಣ್ಣ ತಪ್ಪಲ್ಲ.

ರೇಡಾರ್ ತನ್ನ ಸುತ್ತಲೂ ಸೂಕ್ಷ್ಮ ತರಂಗಗಳನ್ನು ಕಳುಹಿಸುತ್ತದೆ. ಅವು ಮಳೆಹನಿಗಳಿಗೆ ತಗಲಿ ಮರಳಿ ಬಂದಾಗ ಎಷ್ಟು ಬಲವಾಗಿ ಬಂದವು, ಎಷ್ಟು ದೂರದಿಂದ ಬಂದವು ಎಂಬುದನ್ನು ಅಳೆದು ಚಿತ್ರ ಬರೆಯುತ್ತದೆ. ಉಪಗ್ರಹದ ಚಿತ್ರವೇ ಬೇರೆ. ಅದರಲ್ಲಿ ಬೆಳ್ಳಗೆ ಕಾಣುವುದು ಮೋಡದ ತಲೆ ಮಾತ್ರ, ಅದರ ಕೆಳಗೆ ಮಳೆ ಇರಲೇಬೇಕೆಂದಿಲ್ಲ.

ರೇಡಾರ್ ಚಿತ್ರ ತೆರೆದಾಗ ಬಣ್ಣಗಳನ್ನು ನೋಡುವ ಮೊದಲು ಅಂಚಿನಲ್ಲಿರುವ ಬರಹವನ್ನು ಓದಬೇಕು. ಅಲ್ಲಿ ದಿನಾಂಕ ಹಾಗೂ ಸಮಯ ಇರುತ್ತದೆ. ಎಷ್ಟೋ ಚಿತ್ರಗಳಲ್ಲಿ ಅದು ಯುಟಿಸಿ, ಅಂದರೆ ಜಾಗತಿಕ ಸಮಯ. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಸಮಯ ಸಿಗುತ್ತದೆ. ಚಿತ್ರದಲ್ಲಿ 06:00 ಎಂದಿದ್ದರೆ ನಮ್ಮಲ್ಲಿ ಬೆಳಿಗ್ಗೆ 11:30. ಇದನ್ನು ಗಮನಿಸದೆ ಮಧ್ಯಾಹ್ನ ಸಿಕ್ಕ ಚಿತ್ರವನ್ನು ಬೆಳಗಿನದೆಂದು ಪಕ್ಕಕ್ಕಿಡುವವರಿದ್ದಾರೆ, ನಿನ್ನೆಯ ಚಿತ್ರವನ್ನು ಇಂದಿನದೆಂದು ಹಂಚುವವರೂ ಇದ್ದಾರೆ. ಸಮಯದ ಸಾಲನ್ನು ಕತ್ತರಿಸಿ ಕಳುಹಿಸಿದ ಚಿತ್ರದಿಂದ ಏನೂ ಪ್ರಯೋಜನವಿಲ್ಲ.

ಬಣ್ಣಗಳ ಪಟ್ಟಿಯ ಪಕ್ಕದಲ್ಲಿ ಡಿಬಿಝಡ್ ಎಂಬ ಅಳತೆ ಇರುತ್ತದೆ. ಇದು ಮರಳಿ ಬಂದ ತರಂಗದ ಬಲ, ಮಳೆಯ ಮಿಲಿಮೀಟರ್ ಅಲ್ಲ. ಈ ಅಳತೆಯಲ್ಲಿ 10 ಹೆಚ್ಚಾದರೆ ಬಲ ಹತ್ತು ಪಟ್ಟು ಹೆಚ್ಚಿತೆಂದು ಅರ್ಥ. ವಾಡಿಕೆಯ ಸೂತ್ರದಂತೆ 20 ಎಂದರೆ ಗಂಟೆಗೆ 1 ಮಿ.ಮೀ.ಗಿಂತಲೂ ಕಡಿಮೆ ತುಂತುರು, 30 ಎಂದರೆ ಸುಮಾರು 3 ಮಿ.ಮೀ., 40 ಎಂದರೆ 11-12 ಮಿ.ಮೀ., 50 ಎಂದರೆ 50 ಮಿ.ಮೀ.ಗೆ ಹತ್ತಿರ. ಆಲಿಕಲ್ಲು ಬೆರೆತಿದ್ದರೆ ಈ ಲೆಕ್ಕ ಏರುಪೇರಾಗುತ್ತದೆ. ಯಾವ ಬಣ್ಣಕ್ಕೆ ಯಾವ ಅಂಕಿ ಎಂಬುದು ಒಂದೊಂದು ಆ್ಯಪ್‌ನಲ್ಲಿ ಒಂದೊಂದು ರೀತಿ ಇರುವುದರಿಂದ ಆಯಾ ಚಿತ್ರದ ಪಟ್ಟಿಯನ್ನೇ ನೋಡಿಕೊಳ್ಳಬೇಕು.

ಇಲಾಖೆಯ ಜಾಲತಾಣದಲ್ಲಿ 'ಮ್ಯಾಕ್ಸ್ ಝಡ್' ಎಂಬ ಚಿತ್ರವನ್ನು ಹೆಚ್ಚಾಗಿ ನೋಡುತ್ತೇವೆ. ಪ್ರತಿಯೊಂದು ಸ್ಥಳದ ಮೇಲೆ, ಯಾವ ಎತ್ತರದಲ್ಲೇ ಆಗಲಿ, ಸಿಕ್ಕ ಅತಿ ಹೆಚ್ಚಿನ ಬಲವನ್ನು ಅದು ತೋರಿಸುತ್ತದೆ. ಚಿತ್ರದ ಮೇಲೆ ಹಾಗೂ ಪಕ್ಕದಲ್ಲಿರುವ ಎರಡು ಪಟ್ಟಿಗಳು ಮೋಡ ಎಷ್ಟು ಕಿ.ಮೀ. ಎತ್ತರಕ್ಕೆ ಬೆಳೆದಿದೆ ಎಂಬುದನ್ನು ಹೇಳುತ್ತವೆ. ಏಪ್ರಿಲ್-ಮೇ ಹಾಗೂ ಅಕ್ಟೋಬರ್ ತಿಂಗಳ ಗುಡುಗು ಮಳೆಯಲ್ಲಿ ಕೆಂಪು ಬಣ್ಣ ಗೋಪುರದಂತೆ ಮೇಲಕ್ಕೆ ಎದ್ದಿರುತ್ತದೆ. ಜುಲೈ ತಿಂಗಳ ಮುಂಗಾರಿನಲ್ಲಿ ಮೋಡಗಳು ಅಷ್ಟು ಎತ್ತರವಿರುವುದಿಲ್ಲ. ಚಿತ್ರವೆಲ್ಲ ಹಸಿರು-ಹಳದಿಯಾಗಿಯೇ ಇದ್ದು ದಿನವಿಡೀ ಸುರಿಯುತ್ತದೆ. ಗಂಟೆಗೆ 10 ಮಿ.ಮೀ.ನಂತೆ 12 ಗಂಟೆ ಸುರಿದರೆ 120 ಮಿ.ಮೀ. ಆಯಿತು. ಇಲಾಖೆಯ ವರ್ಗೀಕರಣದಲ್ಲಿ 24 ಗಂಟೆಗಳಲ್ಲಿ 115.6ರಿಂದ 204.4 ಮಿ.ಮೀ.ವರೆಗಿನದು 'ಅತಿ ಭಾರೀ' ಮಳೆ. ಕೆಂಪು ಕಾಣಲಿಲ್ಲವೆಂದು ಮಳೆ ಕಡಿಮೆ ಎನ್ನುವುದಕ್ಕಾಗದು.

ಇನ್ನು ಖಾಲಿ ಜಾಗದ ವಿಷಯ. ಹೆಚ್ಚಿನವರು ಎಡವುವುದು ಇಲ್ಲೇ. ಪಣಜಿಯ ರೇಡಾರನ್ನೇ ತೆಗೆದುಕೊಳ್ಳೋಣ. ನೇರ ರೇಖೆಯಲ್ಲಿ ಅಲ್ಲಿಂದ ಕಾರವಾರ ಸುಮಾರು 80 ಕಿ.ಮೀ., ಹೊನ್ನಾವರ 150, ಭಟ್ಕಳ 185 ಕಿ.ಮೀ. ದೂರದಲ್ಲಿವೆ, ಉಡುಪಿ 250 ಕಿ.ಮೀ.ಗೂ ಆಚೆ. ಭೂಮಿ ದುಂಡಗಿರುವುದರಿಂದ ರೇಡಾರಿನ ಕಿರಣ ದೂರ ಹೋದಂತೆ ನೆಲದಿಂದ ಮೇಲೇರುತ್ತದೆ. ಅರ್ಧ ಡಿಗ್ರಿ ಓರೆಯಲ್ಲಿ ಹೊರಟ ಕಿರಣ 100 ಕಿ.ಮೀ. ದೂರದಲ್ಲಿ ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿರುತ್ತದೆ, ಭಟ್ಕಳದ ಹತ್ತಿರ ಮೂರೂವರೆ ಕಿ.ಮೀ., 250 ಕಿ.ಮೀ.ನಲ್ಲಿ ಆರು ಕಿ.ಮೀ.ಗೆ ಹತ್ತಿರ. ಅದರ ಕೆಳಗೆ ಸುರಿಯುವ ಮುಂಗಾರು ಮಳೆ ಕಿರಣಕ್ಕೆ ಪೂರ್ತಿ ಸಿಗುವುದಿಲ್ಲ. ಗುಡ್ಡ ಅಡ್ಡ ಬಂದಲ್ಲಿ ಅದರ ಹಿಂದೆ ತ್ರಿಕೋನಾಕಾರದ ಖಾಲಿ ಪಟ್ಟೆಯೂ ಬೀಳಬಹುದು. ಆದ್ದರಿಂದ ಚಿತ್ರದಲ್ಲಿರುವ ವೃತ್ತಗಳನ್ನು ಎಣಿಸಿ, ನಮ್ಮ ಊರು ಎಷ್ಟನೆಯ ವೃತ್ತದಲ್ಲಿದೆ ಎಂದು ಮೊದಲೇ ಗುರುತಿಸಿಟ್ಟುಕೊಳ್ಳುವುದು ಒಳ್ಳೆಯದು. ಹೊರ ವೃತ್ತದಲ್ಲಿದ್ದರೆ ಖಾಲಿ ಕಂಡದ್ದನ್ನು ನಂಬಬೇಡಿ, ಊರಿಗೆ ಹತ್ತಿರವಾದ ಬೇರೆ ರೇಡಾರ್ ಇದೆಯೇ ನೋಡಿ. ತದ್ವಿರುದ್ಧವೂ ಉಂಟು: ಗಂಟೆಗಟ್ಟಲೆ ಕದಲದೆ ಒಂದೇ ಜಾಗದಲ್ಲಿ ನಿಂತ ಚುಕ್ಕೆಗಳು ಬಹುಪಾಲು ಗುಡ್ಡದ ಪ್ರತಿಧ್ವನಿ, ಕೇಂದ್ರದಿಂದ ಹೊರಟ ನೇರ ಗೆರೆ ಬೇರೆ ತರಂಗಗಳ ಅಡಚಣೆ. ಮಳೆ ಗೆರೆ ಎಳೆದಂತೆ ಬೀಳುವುದಿಲ್ಲ.

ಗಾಳಿಯನ್ನು ಬಾಣದ ಗರಿಯಂಥ ಗುರುತಿನಿಂದ ತೋರಿಸುತ್ತಾರೆ. ಗರಿಗಳಿರುವ ತುದಿಯ ಕಡೆಯಿಂದ ಗಾಳಿ ಬೀಸುತ್ತದೆ. ಅರ್ಧ ಗರಿಗೆ 5 ನಾಟ್, ಪೂರ್ತಿ ಗರಿಗೆ 10, ತ್ರಿಕೋನ ಬಾವುಟಕ್ಕೆ 50. ಒಂದು ನಾಟ್ ಎಂದರೆ ಗಂಟೆಗೆ 1.85 ಕಿ.ಮೀ.

ಎಚ್ಚರಿಕೆಯ ಬಣ್ಣಗಳನ್ನು ರೇಡಾರಿನ ಬಣ್ಣಗಳೊಂದಿಗೆ ಬೆರೆಸಬಾರದು. ಜಿಲ್ಲೆಗಳಿಗೆ ಕೊಡುವ ಹಳದಿ ಎಂದರೆ ಮಾಹಿತಿ ಪಡೆಯುತ್ತಿರಿ, ಕಿತ್ತಳೆ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಇದು ಮುಂದಿನ ದಿನಗಳ ಮಾತು. ರೇಡಾರಿನದು ಕೆಲವು ನಿಮಿಷಗಳ ಹಿಂದಿನ ಮಾತು. ಕೆಂಪು ಎಚ್ಚರಿಕೆ ಇದ್ದ ದಿನ ರೇಡಾರ್ ಖಾಲಿ ಕಂಡಿತೆಂದು ಕಾರ್ಯಕ್ರಮ ನಡೆಸುವುದು ಜಾಣತನವಲ್ಲ. ರೇಡಾರಿಗೆ ಆಕಾಶದ ಹನಿ ಕಾಣುತ್ತದೆ, ಗುಡ್ಡದ ಮಣ್ಣು ಹೀರಿಕೊಂಡ ನೀರು ಕಾಣುವುದಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಗಳು ಹೋದದ್ದನ್ನು ನಮ್ಮ ಕರಾವಳಿ ಮರೆತಿಲ್ಲ.

ಚಂಡಮಾರುತದ ನಕ್ಷೆಯಲ್ಲಿ ಮುಂದೆ ಹೋದಂತೆ ಅಗಲವಾಗುವ ಶಂಕುವಿನಾಕಾರ ಇರುತ್ತದೆ. ಅದು ಬಿರುಗಾಳಿಯ ಗಾತ್ರವಲ್ಲ, ಅದರ ಕೇಂದ್ರ ಸಾಗಬಹುದಾದ ದಾರಿಯ ಅಂದಾಜು. 2021ರ ಮೇ ತಿಂಗಳ ತೌಕ್ತೆಯ ಕೇಂದ್ರ ಸಮುದ್ರದಲ್ಲೇ ಸಾಗಿ ಗುಜರಾತಿನಲ್ಲಿ ದಡ ಸೇರಿತು. ಆದರೂ ನಮ್ಮ ಕಡಲತೀರದಲ್ಲಿ ಮನೆಗಳು ಉರುಳಿದವು, ದೋಣಿಗಳು ಒಡೆದವು.

ಮೀನುಗಾರ ಬಾಂಧವರು ಗಮನಿಸಬೇಕು: ಅಲೆಯ ಎತ್ತರ ರೇಡಾರ್ ಚಿತ್ರದಲ್ಲಿ ಇರುವುದೇ ಇಲ್ಲ. ಅದಕ್ಕಾಗಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಹೊರಡಿಸುವ ಸಮುದ್ರ ಸ್ಥಿತಿಯ ಮುನ್ಸೂಚನೆಯನ್ನು ಪ್ರತ್ಯೇಕವಾಗಿ ನೋಡಬೇಕು. ಧರ್ಮಕೇಂದ್ರದ ಸೂಚನಾ ಫಲಕದಲ್ಲಿ ರೇಡಾರ್ ಚಿತ್ರ ಹಾಕುವವರು ಅದರ ಪಕ್ಕದಲ್ಲಿ ಇದನ್ನೂ ಹಾಕಿ, ಎರಡರ ಮೇಲೂ ಸಮಯವನ್ನು ನಮ್ಮ ಗಡಿಯಾರದ ಲೆಕ್ಕದಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿಡಬೇಕಾಗಿ ವಿನಂತಿ.