ಕಾವಲಿನ ಹುಲ್ಲು, ಕಮಾನಿನ ಬಂಡಿ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದ ಅಶೋಕನ ಶಾಸನದಲ್ಲಿ 256 ಎಂಬ ಸಂಖ್ಯೆಯೊಂದು ಕಾಣಬರುತ್ತದೆ. ಅದು ಪ್ರವಾಸದಲ್ಲಿ ಕಳೆದ ಇರುಳುಗಳ ಗಣನೆಯೆಂದು ವಿದ್ವಾಂಸರಲ್ಲಿ ಅನೇಕರು ಅರ್ಥೈಸಿರುವರು. ಈ ಸೀಮೆಯ ಅತಿ ಪ್ರಾಚೀನವಾದ ಬರವಣಿಗೆಯೇ ಮನೆಯಿಂದ ಹೊರಗೆ ಮಲಗಿದ ರಾತ್ರಿಗಳನ್ನು ಲೆಕ್ಕವಿಟ್ಟಿರುವುದು ಉಚಿತವಾಗಿಯೇ ಇದೆ. ಮಳೆ ತೀರ ವಿರಳವಾದ ಈ ಬಯಲಿನಲ್ಲಿ ಮನುಷ್ಯನಾಗಲಿ ಪಶುವಾಗಲಿ ಒಂದೆಡೆಯಲ್ಲಿಯೇ ನಿಂತು ಬದುಕುವುದು ಎಂದಿಗೂ ಸುಲಭವಾಗಿರಲಿಲ್ಲ. ಮೇವನ್ನರಸಿ, ನೀರನ್ನರಸಿ, ದೇವರನ್ನರಸಿ ಹೊರಟವರು ಇರುಳಿನ ಆಶ್ರಯವನ್ನೂ ತಮ್ಮೊಡನೆಯೇ ಒಯ್ಯಬೇಕಾಗಿದ್ದಿತು.

ಈಚೆಗೆ ಪರದೇಶಗಳಲ್ಲಿ ಕೆಲವರು ವಿದ್ಯುತ್ ಸೈಕಲ್ಲಿನ ಹಿಂದೆ, ಒಬ್ಬಿಬ್ಬರು ಕಾಲು ಚಾಚಿ ಮಲಗಬಹುದಾದ ಪುಟ್ಟ ಗೂಡುಗಾಡಿಯನ್ನು ಕಟ್ಟಿಕೊಂಡು ದೇಶ ಸುತ್ತುತ್ತಿದ್ದಾರೆ. ಈ ಸೀಮೆಯ ಚಳ್ಳಕೆರೆಯ ಹಿರಿಯರಿಗೆ ಇದು ಅಪರಿಚಿತವಾದ ವ್ಯವಸ್ಥೆಯೇನೂ ಅಲ್ಲ. ಬಿದಿರ ದಬ್ಬೆಗಳನ್ನು ಬಾಗಿಸಿ ಕಮಾನು ಕಟ್ಟಿ, ಮೇಲೆ ಚಾಪೆ ಹೊದಿಸಿ, ಒಳಗೆ ಹುಲ್ಲು ಹರಡಿ ಅದರ ಮೇಲೆ ಈ ನಾಡಿನದೇ ನೇಯ್ಗೆಯಾದ ಕರಿಯ ಕಂಬಳಿಯನ್ನು ಹಾಸಿದರೆ, ಹಗಲೆಲ್ಲ ಹೊಲದ ಗೊಬ್ಬರ ಹೊರುತ್ತಿದ್ದ ಬಂಡಿಯೇ ಸಂಜೆಗೆ ಸಂಸಾರದ ಶಯನಗೃಹವಾಗುತ್ತಿತ್ತು. ಹೆಂಗಸರೂ ಮಕ್ಕಳೂ ಕಮಾನಿನೊಳಗೆ, ಗಂಡಸರು ಬಂಡಿಯ ಕೆಳಗೆ, ಎತ್ತುಗಳು ಗಾಲಿಯ ಪಕ್ಕದಲ್ಲಿ. ಇಂಥ ಬಂಡಿಯನ್ನು ಹೇರುವುದು ಒಂದು ವಿದ್ಯೆಯೇ ಸರಿ: ಭಾರವು ಮುಂದಕ್ಕೆ ಸರಿದರೆ ನೊಗವು ಎತ್ತಿನ ಹೆಗಲನ್ನು ಒತ್ತುವುದು, ಹಿಂದಕ್ಕೆ ಸರಿದರೆ ಮೂಕಿ ಮೇಲೆದ್ದು ಕೊರಳ ಹಗ್ಗ ಬಿಗಿಯುವುದು. ಸೈಕಲ್ಲಿಗೆ ಗಾಡಿ ಕಟ್ಟುವವನೂ ಇದೇ ನಿಯಮಕ್ಕೆ ಅಧೀನನು. ಹಿಂಭಾರವಾದ ಗಾಡಿ ಇಳಿಜಾರಿನಲ್ಲಿ ಅತ್ತಿತ್ತ ತೊನೆದು ಸವಾರನನ್ನೇ ಕೆಡವಬಲ್ಲುದು.

ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಫಾಲ್ಗುಣದ ರಥೋತ್ಸವಕ್ಕೂ, ಗೌರಸಮುದ್ರದ ಮಾರಮ್ಮನ ಜಾತ್ರೆಗೂ ಸುತ್ತಣ ಹಳ್ಳಿಗಳಿಂದಲ್ಲದೆ ಗಡಿಯಾಚೆಯ ತೆಲುಗು ಸೀಮೆಯಿಂದಲೂ ಬಂಡಿಗಳು ಸಾಲುಗಟ್ಟಿ ಬರುತ್ತಿದ್ದುವು. ದಿನಕ್ಕೆ ನಾಲ್ಕೈದು ಹರಿದಾರಿಯೇ ನಡೆ; ಆದುದರಿಂದ ದೂರದವರಿಗೆ ಹಾದಿಯಲ್ಲಿಯೇ ಒಂದೆರಡು ಬೀಡು ತಪ್ಪುತ್ತಿರಲಿಲ್ಲ. ಗೌರಸಮುದ್ರದ ತುಮಲಿನ ಬಯಲಿನಲ್ಲಿ ಜಾತ್ರೆಯ ಮಂಗಳವಾರ ಏಳುತ್ತಿದ್ದ ಬಂಡಿಗಳ ಊರು, ಪೂಜೆ ಮುಗಿದೊಡನೆ ಗೂಟ ಕಿತ್ತು ಚೆದರಿಹೋಗುತ್ತಿತ್ತು.

ಬಂಡಿಗಿಂತ ಅದನ್ನು ಎಳೆದವರ ಚರಿತ್ರೆ ಹಿರಿದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ನಡೆದುಬಂದು, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದ ಇಲಾಖೆಯ ದನಗಳು ಹಳ್ಳಿಕಾರ, ಹಾಗಲವಾಡಿ, ಚಿತ್ರದುರ್ಗ ಎಂಬ ಮೂಲ ತಳಿಗಳಿಂದ ಬಂದುವು. ಹೈದರನು ಚಿದಂಬರದ ರಕ್ಷಣೆಗೆಂದು ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದುದು ಈ ಎತ್ತುಗಳ ಬಲದಿಂದಲೇ ಎಂದು ಹಳೆಯ ವೃತ್ತಾಂತಗಳು ಹೇಳುತ್ತವೆ. 1799ರ ಬಳಿಕ ಆಂಗ್ಲರು ಈ ಮಂದೆಗಳನ್ನು ತಮ್ಮ ಫಿರಂಗಿಗಳಿಗಾಗಿ ವಶಪಡಿಸಿಕೊಂಡು, ಮಿತವ್ಯಯದ ಹೆಸರಿನಲ್ಲಿ 1860ರಲ್ಲಿ ಮಾರಿಬಿಟ್ಟು, ಅವುಗಳಿಗೆ ಸಾಟಿಯಿಲ್ಲವೆಂಬುದನ್ನು ಅನುಭವದಿಂದ ಅರಿತು 1866ರಲ್ಲಿ ಪುನಃ ಸ್ಥಾಪಿಸಿದರು. ಆರು ವರ್ಷಗಳಲ್ಲಿ ಚದುರಿಹೋದ ರಕ್ತವನ್ನು ಮತ್ತೆ ಕೂಡಿಸುವುದು ಎಷ್ಟು ಕಷ್ಟವೆಂಬುದನ್ನು ಗೋಪಾಲಕರೇ ಬಲ್ಲರು.

ಆದರೆ ತಳಿಯೊಂದೇ ಬಲವಲ್ಲ. ಬೇಸಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಎಂದು ವಿಂಗಡಿಸಲ್ಪಟ್ಟ ಕಾವಲುಗಳು, ಒಂದು ಕಾಲಕ್ಕೆ ರಾಜ್ಯದಲ್ಲಿ ನಾಲ್ಕು ಲಕ್ಷ ಎಕರೆಗೂ ಮಿಗಿಲಾಗಿದ್ದ ಆ ಹುಲ್ಲುಗಾವಲುಗಳು, ಈ ಶಕ್ತಿಯ ನಿಜವಾದ ಭಂಡಾರವಾಗಿದ್ದುವು. ಸರ್ಕಾರದ ದನಗಳ ಜೊತೆಗೆ ಹಳ್ಳಿಯ ಕುರಿಗಳೂ, ನೊಗ ಹೂಡಕೂಡದೆಂದು ಮ್ಯಾಸಬೇಡ ಸಮುದಾಯದವರು ಕಿಲಾರಿಗಳೆಂಬ ದನಗಾಹಿಗಳ ಕೈಯಲ್ಲಿ ಸಾಕಿಕೊಂಡು ಬಂದ ದೇವರ ಎತ್ತುಗಳೂ ಇಲ್ಲಿನ ಹುಲ್ಲನ್ನು ಮೇಯುತ್ತಿದ್ದುವು. ವಿದ್ಯುತ್ ಸೈಕಲ್ಲಿನ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ನಮ್ಮ ದೇಶದಲ್ಲಿ ನೋಂದಣಿಯಿಲ್ಲದೆ ಓಡಿಸಬಹುದಾದ ಸೈಕಲ್ಲಿನ ಮೋಟಾರು 250 ವಾಟ್‌ಗಳನ್ನು ಮೀರುವಂತಿಲ್ಲ. ಅದು ಅಶ್ವಶಕ್ತಿಯ ಮೂರನೆಯ ಒಂದು ಭಾಗ ಮಾತ್ರ. ಒಂದು ಜೋಡಿ ಎತ್ತಿಗಾದರೋ ಕೃಷಿಗ್ರಂಥಗಳು ಸುಮಾರು ಒಂದು ಅಶ್ವಶಕ್ತಿಯನ್ನು ಹಿಡಿಯುತ್ತವೆ. 500 ವಾಟ್-ಗಂಟೆಯ ಬ್ಯಾಟರಿ ಪೂರ್ಣಬಲದಲ್ಲಿ ಎರಡು ಗಂಟೆ ಎಳೆದು ನಿಲ್ಲುತ್ತದೆ. ಅನಂತರ ಅದಕ್ಕೆ ಊಟವಿಕ್ಕುವ ಜಾಗ ದಾರಿಯಲ್ಲಿರಬೇಕು. ಎತ್ತಿಗೆ ಬೇಕಾದ ಊಟ ಕೆರೆಯಂಗಳದಲ್ಲಿ, ಗುಂಡುತೋಪಿನಲ್ಲಿ, ಕಾವಲಿನಲ್ಲಿ ದೊರೆಯುತ್ತಿದ್ದಿತು. ಮನೆಯನ್ನು ಎಳೆದುಕೊಂಡು ಹೋಗುವ ಸ್ವಾತಂತ್ರ್ಯವು ಬಂಡಿಯ ಗುಣವಾಗಿದ್ದುದಕ್ಕಿಂತ, ಯಾರೂ ತಡೆಯದ ಈ ನೆಲದ ಗುಣವಾಗಿತ್ತೆಂದು ನಾನು ನಂಬಿದ್ದೇನೆ.

ಬಸ್ಸು, ಲಾರಿ, ಟ್ರ್ಯಾಕ್ಟರುಗಳು ಬಂದು ಕಮಾನು ಬಂಡಿಯ ಉಪಯೋಗವನ್ನು ಕುಗ್ಗಿಸಿದುವೆಂಬುದು ನಿಜವೇ. ಅದರ ಬೆನ್ನಿಗೆ ನೆಲವೂ ಕೈತಪ್ಪಿತು. ಖುದಾಪುರ, ವರವು, ಉಳ್ಳಾರ್ತಿ ಕಾವಲುಗಳ ಸಾವಿರಾರು ಎಕರೆಗಳು ಈ ಶತಮಾನದಲ್ಲಿ ವಿಜ್ಞಾನ, ರಕ್ಷಣೆ, ಪರಮಾಣು ಸಂಶೋಧನೆಯ ಸಂಸ್ಥೆಗಳಿಗೆ ಸೇರಿ ಗೋಡೆಯೊಳಗಾದುವು. ಭಾರತೀಯ ವಿಜ್ಞಾನ ಸಂಸ್ಥೆಗೊಂದಕ್ಕೇ 1,500 ಎಕರೆ ದೊರೆಯಿತು. ವರವು ಕಾವಲಿನ ವಿಮಾನ ಪರೀಕ್ಷಾ ಕೇಂದ್ರ 2017ರಲ್ಲಿ ಉದ್ಘಾಟಿತವಾಯಿತು. ವಿಜ್ಞಾನವು ದೇಶಕ್ಕೆ ಬೇಕು, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಶತಮಾನಗಳಿಂದ ಮೇಯುತ್ತಿದ್ದ ಹಿಂಡುಗಳ ಹಾದಿಯನ್ನು ಬಿಟ್ಟುಕೊಟ್ಟು ಗೋಡೆ ಕಟ್ಟಬಹುದಾಗಿತ್ತು, ಮತ್ತು ಹಾಗೆ ಮಾಡದೆಹೋದುದು ಅನ್ಯಾಯವೆಂದು ಸ್ಪಷ್ಟವಾಗಿ ಹೇಳತಕ್ಕದ್ದು.

ನೆರೆಯ ಪಾವಗಡದಲ್ಲಿ 2,050 ಮೆಗಾವಾಟ್ ಸೌರವಿದ್ಯುತ್ತಿನ ಸ್ಥಾವರವಿದೆ. ಬಳ್ಳಾರಿಯ ಹೆದ್ದಾರಿಯಲ್ಲಿ ಗೂಡುಗಾಡಿ ಎಳೆದುಕೊಂಡು ರಾಂಪುರದತ್ತ ಸಾಗುವ ಸೈಕಲ್ಲಿಗೆ ನಾಳೆ ವಿದ್ಯುತ್ತಿನ ಕೊರತೆಯಾಗಲಾರದು. ಇರುಳಿಗೆ ಬಂಡಿ ಬಿಡಲು ಬಯಲು ಮಾತ್ರ ಮೊದಲಿನಂತೆ ದೊರೆಯದು. ದೇವರ ಎತ್ತುಗಳು ಇಂದಿಗೂ ಕಿಲಾರಿಗಳ ಹಿಂದೆ ರೊಪ್ಪಗಳಿಗೆ ಮರಳುತ್ತಿವೆ. ಬರದ ವರ್ಷಗಳಲ್ಲಿ ಅವುಗಳಿಗೆ ಮಠಗಳೂ ದಾನಿಗಳೂ ಕಳುಹಿಸುವ ಮೇವು, ಹಿಂದೆ ಅವು ತಾವೇ ನಡೆದು ಮೇಯುತ್ತಿದ್ದ ಕಾವಲುಗಳ ಬೇಲಿಯ ಪಕ್ಕದ ರಸ್ತೆಯಲ್ಲಿ ಲಾರಿಗಳಲ್ಲಿ ಬರುತ್ತದೆ.