ಒಂದು ಮತ, ಹಲವು ಮೆಟ್ಟಿಲು



ಮಂಡ್ಯ, ಮದ್ದೂರು ಅಥವಾ ಮಳವಳ್ಳಿ ತಾಲ್ಲೂಕಿನ ಯಾವುದಾದರೂ ಒಂದು ಹಳ್ಳಿಯನ್ನು ಮನಸ್ಸಿಗೆ ತಂದುಕೊಳ್ಳಿ. ಆ ಊರಿನ ಒಬ್ಬ ರೈತ ತನ್ನ ಮತದಿಂದ ಎಷ್ಟು ಹಂತಗಳಿಗೆ ಪ್ರತಿನಿಧಿಗಳನ್ನು ಆರಿಸಬಹುದು? ಎಣಿಸಿ ನೋಡಿ: ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ, ವಿಧಾನಸಭೆ, ಲೋಕಸಭೆ. ಒಟ್ಟು ಐದು ಮೆಟ್ಟಿಲು. ಈ ಮೆಟ್ಟಿಲುಗಳನ್ನು ಯಾರೂ ನಮಗೆ ಸುಮ್ಮನೆ ಕಟ್ಟಿಕೊಡಲಿಲ್ಲ. ಇವು ಹೇಗೆ ಬಂದವು ಎಂಬುದನ್ನು ನಮ್ಮ ಜಿಲ್ಲೆಯ ಇತಿಹಾಸದಿಂದಲೇ ತಿಳಿಯೋಣ.

ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆ ಮೊದಲು ಸೇರಿದ್ದು 1881ರಲ್ಲಿ, ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ. ಭಾರತದ ಸಂಸ್ಥಾನಗಳಲ್ಲಿ ಅದೊಂದು ಹೊಸ ಹೆಜ್ಜೆ. ಆದರೆ ಅಲ್ಲಿಗೆ ಬಂದ 144 ಸದಸ್ಯರು ಜಮೀನು ಉಳ್ಳವರು ಮತ್ತು ವರ್ತಕರು. ಜನರ ಮತದಿಂದ ಬಂದವರಲ್ಲ. ಅಹವಾಲು ಹೇಳಿಕೊಳ್ಳಬಹುದಿತ್ತು, ಕಾನೂನು ಮಾಡುವಂತಿರಲಿಲ್ಲ. ಮುಂದೆ ಆಯ್ಕೆಯ ಪದ್ಧತಿ ಬಂದಾಗಲೂ ಆಸ್ತಿ, ಕಂದಾಯಗಳ ಅರ್ಹತೆ ಇದ್ದವರಿಗಷ್ಟೇ ಮತ. ಗೇಣಿಗೆ ಉಳುವವನಿಗೂ ಕೂಲಿಯವಳಿಗೂ ಆ ಬಾಗಿಲು ತೆರೆದಿರಲಿಲ್ಲ.

ಬಾಗಿಲು ತಟ್ಟಿದ ಸದ್ದು ಕೇಳಿದ್ದು ಮದ್ದೂರಿನ ಬಳಿಯ ಶಿವಪುರದಲ್ಲಿ. 1938ರ ಏಪ್ರಿಲ್‌ನಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ಧ್ವಜಾರೋಹಣಕ್ಕೆ ಸರ್ಕಾರದ ನಿಷೇಧವಿತ್ತು. ಅಧ್ಯಕ್ಷ ಟಿ. ಸಿದ್ಧಲಿಂಗಯ್ಯನವರು ಏಪ್ರಿಲ್ 11ರಂದು ನಿಷೇಧವನ್ನು ಮುರಿದು ಬಂಧನಕ್ಕೊಳಗಾದರು. ಧ್ವಜದ ಹಿಂದೆ ಇದ್ದ ಬೇಡಿಕೆ ಜವಾಬ್ದಾರಿ ಸರ್ಕಾರ, ಅಂದರೆ ಅರಮನೆಗಲ್ಲದೆ ಜನರಿಗೆ ಉತ್ತರ ಹೇಳುವ ಸರ್ಕಾರ. ಮರುವರ್ಷ, 1939ರಲ್ಲಿ, ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ಜವಾಬ್ದಾರಿ ಸರ್ಕಾರಕ್ಕೆ ಮಾತ್ರ 1947ರ ಅಕ್ಟೋಬರ್‌ವರೆಗೆ ಕಾಯಬೇಕಾಯಿತು.

1951–52ರ ಮೊದಲ ಮಹಾಚುನಾವಣೆಯಲ್ಲಿ 21 ವರ್ಷ ತುಂಬಿದ ಎಲ್ಲರಿಗೂ ಮತದಾನದ ಹಕ್ಕು ದೊರೆಯಿತು. ಸಾಹುಕಾರರಿಗೂ ಒಂದೇ ಮತ, ಅವರ ಗದ್ದೆಯಲ್ಲಿ ನಾಟಿ ಮಾಡುವವಳಿಗೂ ಒಂದೇ ಮತ. ಇಲ್ಲಿನ ಮತದಾರರು ಆ ಹಕ್ಕನ್ನು ಯಾರ ಮುಲಾಜೂ ಇಲ್ಲದೆ ಬಳಸಿದ್ದುಂಟು. 1962ರಲ್ಲಿ ಮದ್ದೂರಿನಲ್ಲಿ ಕಾಂಗ್ರೆಸ್ಸಿನ ಹಿರಿಯ ನಾಯಕ ಕೆ.ವಿ. ಶಂಕರಗೌಡರ ಎದುರು ಪಕ್ಷೇತರರಾಗಿ ನಿಂತ ಯುವಕ ಎಸ್.ಎಂ. ಕೃಷ್ಣ ಗೆದ್ದರು. ಅದೇ ಸೋಮನಹಳ್ಳಿಯ ಕೃಷ್ಣ 1999ರಲ್ಲಿ ಮುಖ್ಯಮಂತ್ರಿಯಾದರು. 2019ರಲ್ಲಿ ಮಂಡ್ಯದಿಂದ ಲೋಕಸಭೆಗೆ ಆಯ್ಕೆಯಾದ ಸುಮಲತಾ ಅಂಬರೀಶ್ ಅವರೂ ಪಕ್ಷೇತರರೇ.

ಮೇಲಿನ ಮೆಟ್ಟಿಲುಗಳಷ್ಟೇ ಮುಖ್ಯವಾದವು ಕೆಳಗಿನವು. ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯಿದೆಯಂತೆ 1987ರಲ್ಲಿ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗಳಿಗೆ ಚುನಾವಣೆ ನಡೆಯಿತು. ಮಹಿಳೆಯರಿಗೆ ಕಾಲುಭಾಗ ಸ್ಥಾನ ಮೀಸಲಾಯಿತು. ಸಂವಿಧಾನದ 73ನೆಯ ತಿದ್ದುಪಡಿಯನ್ನು ಅನುಸರಿಸಿ 1993ರಲ್ಲಿ ಬಂದ ಪಂಚಾಯತ್ ರಾಜ್ ಕಾಯಿದೆ ಇಂದಿನ ಮೂರು ಹಂತಗಳನ್ನು ತಂದಿತು. ಮಹಿಳಾ ಮೀಸಲಾತಿ ಮೊದಲು ಮೂರನೆಯ ಒಂದು ಭಾಗವಾಗಿ, ಆಮೇಲೆ ಅರ್ಧಕ್ಕೆ ಏರಿತು. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ ಎಂಬುದನ್ನೂ ಗಮನಿಸಿ.

ಯಾವ ಮೆಟ್ಟಿಲು ಯಾವುದಕ್ಕೆ? ನಮ್ಮ ಸೀಮೆಯಲ್ಲಿ ಇದನ್ನು ನೀರಿನಿಂದಲೇ ಅರಿಯಬಹುದು. ನಿಮ್ಮ ಬೀದಿಯ ನಲ್ಲಿಯಲ್ಲಿ ನೀರು ಬರದಿದ್ದರೆ ಮೊದಲು ಕೇಳಬೇಕಾದದ್ದು ಗ್ರಾಮ ಪಂಚಾಯಿತಿಯನ್ನು. ವಿಶ್ವೇಶ್ವರಯ್ಯ ನಾಲೆಗೆ ನೀರು ಬಿಡುವುದು ರಾಜ್ಯ ಸರ್ಕಾರಕ್ಕೆ ಸೇರಿದ್ದು; ಅದನ್ನು ವಿಧಾನಸಭೆಯಲ್ಲಿ ಶಾಸಕರು ಕೇಳಬೇಕು. ತಮಿಳುನಾಡಿಗೆ ಎಷ್ಟು, ನಮಗೆ ಎಷ್ಟು ಎಂಬ ಪ್ರಶ್ನೆ ಎರಡು ರಾಜ್ಯಗಳ ಗಡಿ ದಾಟುತ್ತದೆ. ಅದಕ್ಕೆ 1990ರಲ್ಲಿ ಕೇಂದ್ರ ಸರ್ಕಾರ ನ್ಯಾಯಮಂಡಳಿಯನ್ನು ನೇಮಿಸಿತು. 2007ರಲ್ಲಿ ಐತೀರ್ಪು, 2018ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂದವು. ಈ ವಿಷಯಕ್ಕೆ ದೆಹಲಿಯಲ್ಲಿ ದನಿಯಾಗಬೇಕಾದವರು ಸಂಸದರು. ನಲ್ಲಿಯ ದೂರನ್ನು ಸಂಸದರ ಬಳಿ ಒಯ್ದರೆ, ನದಿಯ ದೂರನ್ನು ಪಂಚಾಯಿತಿ ಸದಸ್ಯರ ಮೇಲೆ ಹೊರಿಸಿದರೆ ಎರಡೂ ಬಗೆಹರಿಯುವುದಿಲ್ಲ.

ಕ್ಷೇತ್ರದ ಗಡಿಗೂ ಜಿಲ್ಲೆಯ ಗಡಿಗೂ ವ್ಯತ್ಯಾಸವಿದೆ. ಜಿಲ್ಲೆಯಲ್ಲಿ ಏಳು ವಿಧಾನಸಭಾ ಕ್ಷೇತ್ರಗಳು. ಮಂಡ್ಯ ಲೋಕಸಭಾ ಕ್ಷೇತ್ರದಲ್ಲಿ ಎಂಟು. ಎಂಟನೆಯದಾದ ಕೃಷ್ಣರಾಜನಗರ ಮೈಸೂರು ಜಿಲ್ಲೆಗೆ ಸೇರಿದ್ದು. ಜಿ. ಮಾದೇಗೌಡರು ಪ್ರತಿನಿಧಿಸಿದ್ದ ಕಿರುಗಾವಲು ಕ್ಷೇತ್ರ 2008ರ ಮರುವಿಂಗಡಣೆಯಲ್ಲಿ ಇಲ್ಲವಾಯಿತು. ಮಳವಳ್ಳಿ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಮೀಸಲಾತಿ ಅಭ್ಯರ್ಥಿಗೆ ಮಾತ್ರ. ಮತ ಹಾಕುವವರು ಅಲ್ಲಿನ ಎಲ್ಲ ಜಾತಿಯವರು.

ಇಷ್ಟು ಕಷ್ಟಪಟ್ಟು ಕಟ್ಟಿದ ಮೆಟ್ಟಿಲು ಖಾಲಿಯಾಗಿಯೂ ಉಳಿಯಬಹುದು. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ನಡೆದಿತ್ತು. ಅವುಗಳ ಅವಧಿ 2021ರಲ್ಲಿ ಮುಗಿಯಿತು. ಕ್ಷೇತ್ರ ವಿಂಗಡಣೆ, ಮೀಸಲಾತಿ, ನ್ಯಾಯಾಲಯದ ವ್ಯಾಜ್ಯ ಎನ್ನುತ್ತ ವರ್ಷಗಳು ಉರುಳಿದವು. ಆ ಕುರ್ಚಿಗಳಲ್ಲಿ ಅಧಿಕಾರಿಗಳು ಆಡಳಿತ ನಡೆಸಿದರು. ಅಧಿಕಾರಿ ದಕ್ಷನಾಗಿರಬಹುದು, ಆದರೆ ಐದು ವರ್ಷಕ್ಕೊಮ್ಮೆ ನಿಮ್ಮ ಮನೆಯ ಬಾಗಿಲಿಗೆ ಬಂದು ಲೆಕ್ಕ ಒಪ್ಪಿಸುವ ಕಟ್ಟುಪಾಡು ಅವನಿಗಿಲ್ಲ. ಶಿವಪುರದಲ್ಲಿ ಕೇಳಿದ್ದೂ ಆ ಲೆಕ್ಕವನ್ನೇ.

ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. ಕಾಲೇಜಿನಲ್ಲಿ ಓದುತ್ತಿರುವ ನಿಮ್ಮಲ್ಲಿ ಹಲವರ ಹೆಸರು ಮತದಾರರ ಪಟ್ಟಿಯಲ್ಲಿ ಇರಬೇಕು. ಇದೆಯೇ ಎಂದು ನೋಡಿಕೊಳ್ಳಿ. ಶಾಲೆಯಲ್ಲಿರುವವರೂ ಸುಮ್ಮನಿರಬೇಕಿಲ್ಲ. ನಿಮ್ಮ ಊರಿನ ಪಂಚಾಯಿತಿ ಸದಸ್ಯರು ಯಾರು, ಮುಂದಿನ ಗ್ರಾಮಸಭೆ ಎಂದು ಎಂಬೆರಡು ಪ್ರಶ್ನೆಗಳನ್ನು ಈ ವಾರ ಮನೆಯಲ್ಲಿ ಕೇಳಿ. ಉತ್ತರ ಸಿಗದಿದ್ದರೆ ಪಂಚಾಯಿತಿ ಕಚೇರಿಗೇ ಹೋಗಿ ಕೇಳಿ.