ಬಾಣಬಿರುಸೂ ಶಾಸನವೂ

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿಗೆ ಸೇರಿದ ದೇವಲಾಪುರದಂತಹ ಹೋಬಳಿಯ ಊರಿನಲ್ಲಿ ದೀಪಾವಳಿಗಾಗಿ ಪಟಾಕಿಯ ತಾತ್ಕಾಲಿಕ ಅಂಗಡಿಯನ್ನು ತೆರೆಯಬೇಕಾದರೆ, ತೆರೆಯುವವನು ಜಿಲ್ಲಾಡಳಿತದ ಪರವಾನಗಿಯನ್ನು ಪಡೆದಿರಬೇಕು. ಅಂಗಡಿಯು ಬೇಗನೆ ಹೊತ್ತಿಕೊಳ್ಳದ ವಸ್ತುಗಳಿಂದ ಕಟ್ಟಿದುದಾಗಿರಬೇಕು. ಪಕ್ಕದ ಅಂಗಡಿಗೆ ೩ ಮೀಟರು, ವಾಸದ ಮನೆಗಳೇ ಮೊದಲಾದ ಕಟ್ಟಡಗಳಿಗೆ ೫೦ ಮೀಟರು ದೂರದಲ್ಲಿರಬೇಕು. ಅಂಗಡಿಗಳು ಒಂದಕ್ಕೊಂದು ಎದುರಾಗಿರಕೂಡದು. ಒಳಗೆ ಎಣ್ಣೆಯ ದೀಪವನ್ನಾಗಲಿ ಬೇರೆ ತೆರೆದ ಜ್ವಾಲೆಯನ್ನಾಗಲಿ ಇಡಕೂಡದು. ಇವು ೨೦೦೮ನೆಯ ಇಸವಿಯ ಸ್ಫೋಟಕ ನಿಯಮಗಳ ವಿಧಿಗಳು. ವರ್ಷಕ್ಕೊಮ್ಮೆ ನಾಲ್ಕು ದಿನ ನಡೆಯುವ ವ್ಯಾಪಾರಕ್ಕೆ ಇಷ್ಟೊಂದು ಕಟ್ಟಳೆಯೇಕೆಂದು ಮಾರುವವರಿಗೂ ಕೊಳ್ಳುವವರಿಗೂ ತೋರುವುದು ಸಹಜ. ಆದರೆ ಈ ಅಳತೆಗಳ ಹಿಂದೆ ದೀರ್ಘವಾದ ಇತಿಹಾಸವುಂಟು. ಅದರ ಒಂದು ಮುಖ್ಯ ಅಧ್ಯಾಯವು ಇದೇ ಜಿಲ್ಲೆಯ ಶ್ರೀರಂಗಪಟ್ಟಣದಲ್ಲಿ ನಡೆಯಿತು.

ಕನ್ನಡನಾಡಿಗೆ ಬಾಣಬಿರುಸು ಹೊಸದಲ್ಲ. ೧೪೪೩ನೆಯ ಇಸವಿಯಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುರ್ ರಜಾಕನು ಮಹಾನವಮಿಯ ವೈಭವವನ್ನು ಬಣ್ಣಿಸುವಾಗ ಮದ್ದಿನ ಆಟಗಳನ್ನೂ ಹೇಳಿರುವನು. ಭಾರತದ ಬಾಣಬಿರುಸುಗಳ ಚರಿತ್ರೆಯನ್ನು ಕುರಿತು ವಿದ್ವಾಂಸರಾದ ಪಿ. ಕೆ. ಗೋಡೆಯವರು ಬರೆದ ಪ್ರಬಂಧವು ೧೯೫೩ರಲ್ಲಿ ಬೆಂಗಳೂರಿನಿಂದಲೇ ಪ್ರಕಟವಾಯಿತು. ಅರಮನೆಯ ಅಂಗಳದಲ್ಲಿ ಆಟವಾಗಿದ್ದ ಈ ವಿದ್ಯೆಯು ರಣರಂಗದಲ್ಲಿ ಆಯುಧವೂ ಆಯಿತು. ಹೈದರಾಲಿಯೂ ಟೀಪೂ ಸುಲ್ತಾನನೂ ಬಾಣದ ಮದ್ದನ್ನು ಕಬ್ಬಿಣದ ನಳಿಗೆಯಲ್ಲಿ ತುಂಬಿಸಿ, ಅದಕ್ಕೆ ಬಿದಿರಿನ ಗಳುವನ್ನು ಕಟ್ಟಿಸಿದರು. ಕಾಗದದ ಅಥವಾ ಬಿದಿರಿನ ಕೊಳವೆಯು ತಾಳಲಾರದ ಒತ್ತಡವನ್ನು ಕಬ್ಬಿಣವು ತಾಳಿದುದರಿಂದ ಬಾಣವು ಬಹುದೂರ ಹಾರಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಇಂಗ್ಲೆಂಡಿಗೆ ಸಾಗಿಸಲ್ಪಟ್ಟ ಈ ಬಾಣಗಳು ವಿಲಿಯಂ ಕಾಂಗ್ರೀವನು ನಿರ್ಮಿಸಿದ ಬಾಣಗಳಿಗೆ ಪ್ರೇರಕವಾದವು. ಮಲೆನಾಡಿನ ಬಿದನೂರು ನಗರದ ಪಾಳುಬಾವಿಯೊಂದರಲ್ಲಿ ೨೦೧೮ರಲ್ಲಿ ಇಂತಹ ಸಾವಿರಕ್ಕೂ ಹೆಚ್ಚು ಬಾಣಗಳು ದೊರೆತುವು.

ಬಾಣಗಳ ಕೀರ್ತಿಯನ್ನು ಎಲ್ಲರೂ ಬಲ್ಲರು. ಅವುಗಳ ಮದ್ದನ್ನು ಕಾಪಾಡಿದ ಬಗೆಯನ್ನು ಗಮನಿಸುವವರು ವಿರಳ. ಶ್ರೀರಂಗಪಟ್ಟಣದ ಕೋಟೆಯೊಳಗೆ ಇಟ್ಟಿಗೆ ಗಾರೆಗಳಿಂದ ಕಟ್ಟಿದ ಮದ್ದಿನ ಮನೆಗಳು ಇಂದಿಗೂ ಉಳಿದಿವೆ. ಅವು ಅರ್ಧ ನೆಲದೊಳಗೆ ಇಳಿದಿರುವ ಗಟ್ಟಿಯಾದ ಕಟ್ಟಡಗಳು. ಒಂದೇ ಕಡೆ ಗುಂಪಾಗಿರದೆ ಅಲ್ಲಲ್ಲಿ ಹರಡಿಕೊಂಡಿವೆ. ರೈಲು ಹಾದಿಯನ್ನು ಇಮ್ಮಡಿಗೊಳಿಸುವಾಗ ಅಡ್ಡಬಂದ ಇಂತಹದೊಂದು ಮನೆಯನ್ನು ಕೆಡವದೆ, ೨೦೧೭ರಲ್ಲಿ ಬುಡಸಹಿತ ಎತ್ತಿ ನೂರು ಮೀಟರಿಗೂ ಹೆಚ್ಚು ದೂರಕ್ಕೆ ಜರುಗಿಸಲಾಯಿತು. ಮದ್ದೆಲ್ಲವನ್ನೂ ಒಂದೆಡೆ ಕೂಡಿಡದಿದ್ದರೆ, ಒಂದು ಮನೆಗೆ ಬೆಂಕಿ ಬಿದ್ದರೂ ಉಳಿದವು ನಿಲ್ಲುತ್ತವೆ. ಇಷ್ಟಾದರೂ ಅಪಾಯವು ತಪ್ಪಲಿಲ್ಲ. ೧೭೯೯ರ ಮೇ ೨ರಂದು ಇಂಗ್ಲಿಷರ ಗುಂಡೊಂದು ಕೋಟೆಯೊಳಗಿನ ಬಾಣಗಳ ಉಗ್ರಾಣಕ್ಕೆ ತಗುಲಿ, ಅದು ಸಿಡಿದು, ಕಪ್ಪು ಹೊಗೆ ಮುಗಿಲಿಗೇರಿತು. ಎರಡು ದಿನಗಳಲ್ಲಿ ಕೋಟೆಯು ಬಿದ್ದಿತು. ಮದ್ದಿಗೆ ಯಜಮಾನನೆಂಬುವನಿಲ್ಲ; ಕಿಡಿ ಯಾರದಾದರೂ ಅದು ಸಿಡಿಯುತ್ತದೆ.

ಯುದ್ಧಕಾಲದಲ್ಲಿ ಕಲಿತ ಈ ಪಾಠವು ಶಾಂತಿಕಾಲದ ಶಾಸನವಾಗಲು ಮತ್ತೆ ಮುಕ್ಕಾಲು ಶತಮಾನವೇ ಹಿಡಿಯಿತು. ೧೮೭೪ರ ಅಕ್ಟೋಬರ್ ೨ರಂದು ಲಂಡನ್ನಿನ ರೀಜೆಂಟ್ ಕಾಲುವೆಯಲ್ಲಿ ಮದ್ದನ್ನೂ ಕಲ್ಲೆಣ್ಣೆಯ ಸರಕನ್ನೂ ಕೂಡಿಯೇ ಹೊತ್ತಿದ್ದ ದೋಣಿಯೊಂದು ಸೇತುವೆಯ ಕೆಳಗೆ ಸಿಡಿದು, ಅದರಲ್ಲಿದ್ದ ಮೂವರು ಮಡಿದರು, ಸೇತುವೆಯೂ ಪುಡಿಯಾಯಿತು. ಮರುವರ್ಷವೇ ಆ ದೇಶದಲ್ಲಿ ಸ್ಫೋಟಕಗಳ ಶಾಸನವು ಹುಟ್ಟಿತು. ಭಾರತದಲ್ಲಿ ಸ್ಫೋಟಕಗಳ ಕಾಯಿದೆಯಾದುದು ೧೮೮೪ರಲ್ಲಿ. ಅದರ ಅಡಿಯಲ್ಲಿ ೧೯೪೦, ೧೯೮೩ ಮತ್ತು ೨೦೦೮ನೆಯ ಇಸವಿಗಳಲ್ಲಿ ನಿಯಮಾವಳಿಗಳು ಒಂದರ ಸ್ಥಾನದಲ್ಲಿ ಇನ್ನೊಂದಾಗಿ ಬಂದುವು. ಕೋಟೆಯ ಶಿಲ್ಪಿಯು ಇಟ್ಟಿಗೆಯಲ್ಲಿ ಹೇಳಿದುದನ್ನು ಶಾಸನಕರ್ತನು ಅಕ್ಷರದಲ್ಲಿ ಹೇಳಿದನು: ಮದ್ದಿಗೂ ಬೆಂಕಿಗೂ ಅಂತರವಿರಲಿ, ಮದ್ದಿಗೂ ಮನುಷ್ಯನಿಗೂ ಅಂತರವಿರಲಿ.

ಸ್ವಾತಂತ್ರ್ಯಾನಂತರ ಈ ತತ್ತ್ವವು ಇನ್ನೂ ವಿಸ್ತರಿಸಿತು. ಕ್ಲೋರೇಟನ್ನು ಗಂಧಕದೊಡನೆ ಬೆರೆಸಿದರೆ ಸ್ವಲ್ಪ ಉಜ್ಜಿದ ಮಾತ್ರಕ್ಕೆ ಅದು ಸಿಡಿಯಬಲ್ಲದಾದುದರಿಂದ ಆ ಮಿಶ್ರಣವನ್ನು ಕೇಂದ್ರ ಸರ್ಕಾರವು ೧೯೯೨ರಲ್ಲಿ ನಿಷೇಧಿಸಿತು. ೧೯೯೯ರಲ್ಲಿ ಶಬ್ದಕ್ಕೂ ಮಿತಿ ಬಂದಿತು. ಸಿಡಿಯುವ ಸ್ಥಳದಿಂದ ೪ ಮೀಟರು ದೂರದಲ್ಲಿ ಅಳೆದಾಗ ೧೨೫ ಡೆಸಿಬೆಲ್ಲನ್ನು ಮೀರುವ ಪಟಾಕಿಯನ್ನು ತಯಾರಿಸುವುದೂ ಮಾರುವುದೂ ಕೂಡದೆಂದು ಗೊತ್ತುಮಾಡಲಾಯಿತು. ೨೦೦೫ರ ಜುಲೈಯಲ್ಲಿ ಸರ್ವೋಚ್ಚ ನ್ಯಾಯಾಲಯವು ರಾತ್ರಿ ೧೦ರಿಂದ ಬೆಳಗಿನ ೬ ಗಂಟೆಯವರೆಗೆ ಶಬ್ದಮಾಡುವ ಪಟಾಕಿಗಳನ್ನು ತಡೆಯಿತು. ೨೦೧೮ರ ಅಕ್ಟೋಬರ್ ೨೩ರ ತೀರ್ಪಿನಲ್ಲಿ ದೀಪಾವಳಿಗೆ ರಾತ್ರಿ ೮ರಿಂದ ೧೦ರವರೆಗೆ ಮಾತ್ರ ಅವಕಾಶವಿತ್ತು, ಸರಪಟಾಕಿಯನ್ನೂ ಬೇರಿಯಂ ಲವಣಗಳನ್ನೂ ನಿಷೇಧಿಸಿ, ಹೊಗೆ ಕಡಿಮೆಯಾದ ಹಸಿರು ಪಟಾಕಿಗಳನ್ನಷ್ಟೆ ಒಪ್ಪಿತು. ದೇಹವನ್ನು ಕಾಯಲು ಹುಟ್ಟಿದ ನಿಯಮವು ಹೀಗೆ ನೆರೆಯವನ ಕಿವಿಯನ್ನೂ ಉಸಿರನ್ನೂ ಕಾಯುವುದಾಯಿತು.

ನಿಯಮವಿದ್ದ ಮಾತ್ರಕ್ಕೆ ರಕ್ಷಣೆಯಿಲ್ಲವೆಂಬುದಕ್ಕೆ ೨೦೨೩ರ ಅಕ್ಟೋಬರ್ ೭ನೆಯ ದಿನವು ದಾರುಣವಾದ ಸಾಕ್ಷಿ. ಅಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ, ಹೊಸೂರು ಹೆದ್ದಾರಿಯ ಬದಿಯ ಪಟಾಕಿ ಮಳಿಗೆಯೊಂದಕ್ಕೆ ಸರಕನ್ನಿಳಿಸುತ್ತಿದ್ದಾಗ ಬೆಂಕಿ ಹತ್ತಿ ಹದಿನಾಲ್ಕು ಮಂದಿ ದಹಿಸಿಹೋದರು. ಗಾಯಗೊಂಡವರಲ್ಲಿಯೂ ಕೆಲವರು ಅನಂತರ ತೀರಿಕೊಂಡರು. ಮೃತರಲ್ಲಿ ಬಹುಮಂದಿ ಹಬ್ಬದ ಕಾಲದ ಕೂಲಿಗಾಗಿ ತಮಿಳುನಾಡಿನಿಂದ ಬಂದಿದ್ದ ತರುಣರು. ಬಳಿಕ ಕರ್ನಾಟಕ ಸರ್ಕಾರವು ಮದುವೆ, ರಾಜಕೀಯ ಸಮಾರಂಭ ಹಾಗೂ ಗಣೇಶೋತ್ಸವಗಳಲ್ಲಿ ಪಟಾಕಿಯನ್ನು ನಿಷೇಧಿಸುವುದಾಗಿ ಸಾರಿತು. ಆ ತರುಣರ ಮನೆಗಳಲ್ಲಿ ಆ ವರ್ಷ ಯಾವ ದೀಪವು ಉರಿದೀತು?

ದೇವಲಾಪುರದ ಅಂಗಡಿಗೆ ಹೋಗುವ ಗೃಹಸ್ಥನು ನಿಯಮಾವಳಿಯನ್ನು ಓದಿರಬೇಕಾಗಿಲ್ಲ. ಪರವಾನಗಿಯುಳ್ಳ ಅಂಗಡಿಯೇ ಎಂದು ವಿಚಾರಿಸುವುದು, ಪೆಟ್ಟಿಗೆಯ ಮೇಲೆ ತಯಾರಕನ ಹೆಸರೂ ಹಚ್ಚುವ ವಿಧಾನವೂ ಮುದ್ರಿತವಾಗಿವೆಯೇ ಎಂದು ನೋಡುವುದು, ಮಕ್ಕಳ ಬಳಿ ಹಿರಿಯರು ನಿಲ್ಲುವುದು, ಬಕೆಟ್ಟಿನಲ್ಲಿ ನೀರನ್ನಿಟ್ಟುಕೊಳ್ಳುವುದು, ಹೊತ್ತದೆ ಉಳಿದ ಪಟಾಕಿಯ ಮೇಲೆ ಬಾಗದೆ ಅದಕ್ಕೆ ನೀರೆರೆಯುವುದು, ಇಷ್ಟು ಸಾಕು. ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗೆ ದೀಪಾವಳಿಯ ರಾತ್ರಿ ಬರುವ ಗಾಯಾಳುಗಳಲ್ಲಿ ಪಟಾಕಿಯನ್ನು ಹಚ್ಚದೆ, ಸುಮ್ಮನೆ ನೋಡುತ್ತ ನಿಂತಿದ್ದವರೂ ಇರುತ್ತಾರೆಂಬುದನ್ನು ಮರೆಯಲಾಗದು. ಐವತ್ತು ಮೀಟರಿನ ಆ ಬಯಲು ವ್ಯಾಪಾರಿಗೆ ನಷ್ಟವಾಗಿ ಕಾಣಬಹುದು. ಆದರೆ ಊರಿನ ಮನೆಮಕ್ಕಳ ಕ್ಷೇಮವು ನಿಂತಿರುವುದು ಆ ಬಯಲಿನಲ್ಲಿಯೇ.